ಎರಡು ಯೂನಿಟ್ಟು

ತಲಾ ನೂರೈವತ್ತು. ಹಿರಿಯ ನಾಗರಿಕನೆಂದು ನನಗೆ ಐವತ್ತು ಬಿಟ್ಟರು.
ಎದೆಗೊಂದು ಹಳದಿ ಚೀಟಿ ಅಂಟಿಸಿ
ಹೆಸರು ಬರೀರಿ ಅಂದಳು ಪ್ರಣಾಲಿ ತಾಂಡೇಲ.
ಇಪ್ಪತ್ಮೂರರ ಹುಡುಗಿ, ಕೈಯಲ್ಲಿ ಕೊಡೆ,
ಮಳೆಗಲ್ಲ, ನಾವು ತಪ್ಪಿಹೋಗದಂತೆ ಎತ್ತಿ ಹಿಡಿಯಲು.

ತಪ್ಪಿಹೋಗುವುದು!
ಕಾಜುಬಾಗಿನಿಂದ ಕೋಡಿಬಾಗಿನವರೆಗೆ
ಮೂವತ್ತೊಂದು ವರ್ಷ ಮೀಟರು ಓದಿದವನು ನಾನು.
ಈ ಊರಿನ ಮನೆಗಳು ನನಗೆ ಗೊತ್ತಿರುವುದು
ಮುಂಬಾಗಿಲಿನಿಂದಲ್ಲ, ಪಕ್ಕದ ಗೋಡೆಯಿಂದ:
ಯಾರ ನಾಯಿಯ ಸರಪಳಿ ಎಷ್ಟು ಉದ್ದ,
ಯಾರು ಫ್ರಿಜ್ಜು ತಂದರು, ಯಾರು ಮಾರಿದರು,
ಯಾವ ಮನೆಗೆ ಕೂಸು ಬಂದು
ಬಿಸಿನೀರಿನ ಲೆಕ್ಕ ಏರಿತು.

ಹನ್ನೆರಡು ಮಂದಿ. ಬೆಳಗಾವಿಯ ದಂಪತಿ, ಕ್ಯಾಮೆರಾದವನೊಬ್ಬ,
ನೌಕಾನೆಲೆಯ ವಸತಿಯಿಂದ ಹರಿಯಾಣದ ಹೆಂಗಸು, ಜತೆಗೊಂದು ಮಗು.
ಮೀನುಪೇಟೆಯ ತಿರುವಿನಲ್ಲಿ ದುರ್ಪದಿ
ತಾರ್ಲೆಯ ಬುಟ್ಟಿಯಿಂದ ತಲೆಯೆತ್ತಿ
ನನ್ನ ಚೀಟಿ ನೋಡಿದಳು.
'ಖಂಯ್ ವತಾ ರೇ ವಿಠೋಬಾ?'
ಊರು ನೋಡೋಕೆ ಅಂದೆ.
ಅವಳು ನಕ್ಕ ನಗೆಗೆ ಪಕ್ಕದ ಬುಟ್ಟಿಯವಳೂ ನಕ್ಕಳು,
ಯಾಕೆಂದು ತಿಳಿಯದೆ.

ಪ್ರಣಾಲಿ ಚೆನ್ನಾಗಿ ಹೇಳುತ್ತಾಳೆ.
ಹೆಂಚು ಯಾವ ದೋಣಿಯಲ್ಲಿ ಬಂತು,
ಕಾಳಿಗೆ ಸೇತುವೆಯಿಲ್ಲದಾಗ
ಸದಾಶಿವಗಡಕ್ಕೆ ತಾರಿಯವ ಎಷ್ಟು ಕೇಳುತ್ತಿದ್ದ.
ಎರಡು ಇಸವಿ ತಪ್ಪು. ಸುಮ್ಮನಿದ್ದೆ.
ಬಾಯಿಪಾಠವಲ್ಲ, ಅಜ್ಜಿಯಿಂದ ಕೇಳಿದ್ದು;
ಅವಳು ತಡವರಿಸುವ ಜಾಗಗಳಲ್ಲೇ ತಿಳಿಯುತ್ತದೆ.

ಬಂದರು ರಸ್ತೆಯ ಕೊನೆಗೆ ಹಳೆಯ ಹಡಗು ಕಚೇರಿ.
ಕೊಡೆ ನಿಂತಿತು. ನಾವೂ.
'ಸ್ಟೀಮರು ನಿಂತ ವರ್ಷ ಬೀಗ ಬಿತ್ತು.
ಆಮೇಲೆ ಒಂದು ನರಪಿಳ್ಳೆಯೂ ಒಳಗೆ ಕಾಲಿಟ್ಟಿಲ್ಲ.'
ಎಲ್ಲರ ಕತ್ತು ಮೇಲಕ್ಕೆ, ಮರದ ಕಮಾನಿನ ಕಿಟಕಿಗೆ.
ನನ್ನದು ರೂಢಿಯಂತೆ ಎಡಕ್ಕೆ, ಕೆಳಕ್ಕೆ.

ಪ್ರತಿ ತಿಂಗಳು ಎರಡು ಯೂನಿಟ್ಟು.
ಒಮ್ಮೆ ಮಾತ್ರ ಮೂರು, ಒಂದು ಚೌತಿಯ ತಿಂಗಳು.
ಬಿಲ್ಲು ಬಾಗಿಲಡಿ ತೂರಿಸುತ್ತಿದ್ದೆ,
ಹಣ ಕಟ್ಟಿರುತ್ತಿತ್ತು, ಚಿಲ್ಲರೆ ಸಮೇತ.
ನಲವತ್ತರ ಬಲ್ಬು, ದಿನಕ್ಕೆ ಒಂದೂವರೆ ಗಂಟೆ,
ಅಷ್ಟೇ ಬೆಳಕು.
ಯಾರಿಗೆ, ಏನು ಓದಲು, ಯಾವ ಲೆಕ್ಕ ಬರೆಯಲು?
ಬಾಗಿಲು ತಟ್ಟಬಹುದಿತ್ತು.
ಅಂಕಿ ಬರೆದುಕೊಂಡು ಮುಂದಿನ ಮನೆಗೆ ಹೋದೆ,
ಮೂವತ್ತೊಂದು ವರ್ಷ.

'ಯಾರಿಗಾದರೂ ಪ್ರಶ್ನೆ?'
ನಾನು ಬಾಯಿ ತೆರೆಯುವಷ್ಟರಲ್ಲಿ
ಹರಿಯಾಣದ ಮಗು ಕೈಯೆತ್ತಿತು, ಹಿಂದಿಯಲ್ಲಿ:
ಆ ಡಬ್ಬಿಯ ಕೆಂಪು ದೀಪ ಯಾಕೆ ಮಿಟುಕುತ್ತಿದೆ?

ಪ್ರಣಾಲಿ ಕೊಡೆ ಇಳಿಸಿ ಬಗ್ಗಿ ನೋಡಿದಳು.
ನಾನು ಜೇಬಿನಲ್ಲಿ ಪೆನ್ನು ಹುಡುಕುತ್ತಿದ್ದೆ.