ಅತ್ತರೆ ಕೇಳುವಷ್ಟು ದೂರ

ತಿಬಿಲಿಸಿಯ ನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿ
ರೊಟ್ಟಿಯ ಪುಡಿ ಒರೆಸಿ ನಕ್ಷೆ ಹರಡಿದೆವು.
ಮಡಿಕೆ ಬಿದ್ದ ಕಡೆ ಒಂದು ಊರೇ ಸವೆದುಹೋಗಿತ್ತು.
ನಾಲ್ಕು ಮೂಲೆಗೆ ಭಾರ: ಉಪ್ಪಿನ ಡಬ್ಬಿ, ಜುರಾಬನ ಫೋನು,
ಕೆಮ್ಮಿನ ಔಷಧಿ, ತೇಕ್ಲೆಯ ಒಂಟಿ ಬೂಟು.
ಅದರ ಜೋಡಿ ಹೋದ ಚಳಿಗಾಲದಿಂದ ನಾಪತ್ತೆ.

ಜುರಾಬನ ಬೆರಳು ಸೀದಾ ಗುಡೌರಿಗೆ ಹೋಯಿತು.
ಹೋಗದೆ ಏನು? ಇಪ್ಪತ್ತರ ಹರೆಯದಲ್ಲಿ ಅಲ್ಲಿ
ಗಾಳಿಯ ಬೆನ್ನು ಹತ್ತಿ ಇಳಿದವನು.
ಮಂಡಿಯೊಳಗೆ ಈಗಲೂ ಆರು ಸ್ಕ್ರೂ ಇವೆ,
ಮಳೆಯ ಸುದ್ದಿ ಮೊದಲು ಅವಕ್ಕೇ ಗೊತ್ತಾಗುವುದು.
"ಮರವಿಲ್ಲ, ಮೋಟಿಲ್ಲ, ಬರೀ ಬಿಳುಪು" ಎಂದ,
ಹಳೆಯ ಪ್ರೇಯಸಿಯ ಹೆಸರು ಹೇಳಿದ ಹಾಗೆ.
ಮರವಿಲ್ಲದ ಕಡೆ ಗಾಳಿಗೆ ಅಡ್ಡ ಯಾರು, ಎಂದೆ.
ಮೂರು ವರ್ಷದ ಕೆನ್ನೆಗೆ?

ಹಾಗಾದರೆ ಮೇಸ್ತಿಯಾ, ಅಂದ. ಒಂಬತ್ತು ತಾಸಿನ ದಾರಿ.
ಗೇಗ ಆರನೇ ತಿರುವಿಗೆ ವಾಂತಿ ಮಾಡುವವನು.
ತಿರುವು ಎಣಿಸಹೊರಟವರು ಅರ್ಧಕ್ಕೇ ಕೈಬಿಟ್ಟೆವು.

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ.
ನಮಗೆ ಬೇಕಿದ್ದದ್ದು
ಹತ್ತಿರ ಹೋದಮೇಲೂ ನುಣ್ಣಗಿರುವ ಬೆಟ್ಟ.

ನನ್ನ ಲೆಕ್ಕವೇ ಬೇರೆ.
ಹಾಸಿಗೆಯಿಂದ ಹಿಮಕ್ಕೆ ಎಷ್ಟು ಹೆಜ್ಜೆ?
ನನ್ನ ಹೆಜ್ಜೆಯಲ್ಲ, ಸ್ಕೀ ಬೂಟು ತೊಟ್ಟ ಆರು ವರ್ಷದ ಹೆಜ್ಜೆ,
ನಡುನಡುವೆ "ದೇದಾ, ಎತ್ಕೋ" ಎಂದು
ಅಮ್ಮನ ಕಾಲಿಗೆ ಜೋತುಬೀಳುವುದನ್ನೂ ಸೇರಿಸಿ.
ಐದು ಪದರ ಬಿಚ್ಚುವಷ್ಟರಲ್ಲಿ ಕೈಮೀರುವ ಉಚ್ಚೆಗೆ
ಬಾಗಿಲು ಎಷ್ಟು ಹತ್ತಿರ?
ಲಿಫ್ಟಿನ ಕುರ್ಚಿ ಪುಟ್ಟ ಕಾಲಿಗಾಗಿ ನಿಧಾನಿಸುತ್ತದೋ,
ಹಿಂದಿನಿಂದ ಗುದ್ದಿಯೇ ಹೋಗುತ್ತದೋ?
ಸೂಪಿಗೆ ಕೊತ್ತಂಬರಿ ಉದುರಿಸದೆ ಕೊಡುವ
ಪುಣ್ಯಾತ್ಮ ಒಬ್ಬನಾದರೂ ಇದ್ದಾನೋ?

ಅತ್ತೆ ತ್ಸಿಯಾಲಾ ಒಲೆಯ ಕಡೆ ಮುಖ ಮಾಡಿಯೇ ಇದ್ದರು.
ಹದಿನೆಂಟು ಚಳಿಗಾಲ ಬಕುರಿಯಾನಿಯಲ್ಲಿ
ಲಿಫ್ಟಿನ ಬುಡಕ್ಕೆ ನಿಂತು ಚೀಟಿ ಹರಿದವರು.
ಆಕ್ರೋಟು ಅರೆಯುವ ಕೈ ನಿಲ್ಲಿಸದೆ ಹೇಳಿದರು:
"ಬೆಟ್ಟವನ್ನು ಮೀಟರಿನಲ್ಲಿ ಅಳೆಯಬೇಡಿ.
ಮೇಲೆ ಬಿದ್ದ ಕೂಸು ಅತ್ತರೆ
ಕೆಳಗಿರುವ ತಾಯಿಗೆ ಕೇಳಬೇಕು.
ಅಷ್ಟೇ ಉದ್ದ. ಒಂದು ಗೇಣು ಹೆಚ್ಚಾದರೂ
ಅದು ದೊಡ್ಡವರ ಬೆಟ್ಟ."

ಆಮೇಲೆ ಬೆಳ್ಳುಳ್ಳಿ ಬಿಡಿಸುತ್ತ, ಯಾರಿಗೂ ಅಲ್ಲವೆಂಬಂತೆ:
"ಒಂದು ಸಲ ಗಾಳಿ ಆ ಕಡೆಗಿತ್ತು.
ನನಗೆ ಕೇಳಿಸಲಿಲ್ಲ."

ಜುರಾಬನ ಕೈ ಹುಬ್ಬಿನ ಮೇಲಿನ ಸೀಳಿಗೆ ಹೋಯಿತು.
ಮೇಕೆ ಹಾಯ್ದದ್ದೆಂದು
ಮದುವೆಗೆ ಮುಂಚೆ ನನಗೆ ಹೇಳಿದ್ದ ಸೀಳು.
ಫೋನು ಎತ್ತಿಕೊಂಡ. ನಕ್ಷೆಯ ಆ ಮೂಲೆ ಸುರುಳಿ ಸುತ್ತಿತು,
ಗುಡೌರಿಯ ಮೇಲೆ ಮಗುಚಿ ಮಲಗಿತು.
ಯಾರೂ ಬಿಡಿಸಲಿಲ್ಲ.

ಫೆಬ್ರವರಿ. ಬಕುರಿಯಾನಿಯ ಪೈನ್ ಮರಗಳ ಹಿಂದೆ
ಹಸು ಮಲಗಿದಂಥ ಒಂದು ದಿಣ್ಣೆ.
ಅದಕ್ಕೆ ಹೆಸರು ಇದ್ದಿದ್ದರೆ ಬಾಡಿಗೆ ಹೆಚ್ಚಾಗುತ್ತಿತ್ತೇನೋ.
ಗೇಗ ಮೂರು ಸಲ ಬಿದ್ದ,
ನಾಲ್ಕನೆಯ ಸಲಕ್ಕೆ ಬೀಳುವುದನ್ನು ಕಲಿತ.
ತೇಕ್ಲೆ ಸ್ಕೀ ಮುಟ್ಟಲಿಲ್ಲ. ಅಷ್ಟು ದುಡ್ಡು ತೆತ್ತ ಹಿಮವನ್ನು
ಇಡೀ ಬೆಳಗು ಕೂತು ತಿಂದಳು.

"ದೇದಾ!"
ಗೇಗನೆಂದು ತಟ್ಟನೆ ತಿರುಗಿದೆ.
ಅಲ್ಲ. ಆರು ಸ್ಕ್ರೂಗಳ ವೀರ
ದಿಣ್ಣೆಯ ನೆತ್ತಿಯಲ್ಲಿ ನಿಂತಿದ್ದಾನೆ, ನಲವತ್ತೊಂದು ವಯಸ್ಸು,
ಎರಡೂ ಕೈ ಬಾಯಿಗೆ ಹಿಡಿದು:
"ದೇದಾ, ಕೇಳಿಸುತ್ತಾ?"

ಕೆಳಗೆ, ಮಡಚುವ ಕುರ್ಚಿಯಲ್ಲಿ, ಅತ್ತೆ
ಟೋಪಿ ಸರಿಸಿ ಕಿವಿಯನ್ನು ಚಳಿಗೆ ಕೊಟ್ಟು
ಕೈ ಎತ್ತಿದರು.
ಅವನು ಮತ್ತೆ ಕೂಗಿದ.
ಅವರು ಮತ್ತೆ ಎತ್ತಿದರು.
ಗೇಗ ನನ್ನ ಕೋಟು ಜಗ್ಗಿ ಕೇಳಿದ,
ಅಪ್ಪ ಬಿದ್ದೇ ಇಲ್ಲವಲ್ಲ, ಯಾಕೆ ಕೂಗುತ್ತಾನೆ?