ಒಂದೇ ಮೋರಿ

ಬಾಡಿಗಿ ಮನಿ ನಾಕು, ಮೋರಿ ಒಂದೇ.
ಬೀದರದಾಗ ಶ್ರಾವಣದ ಜಿಟಿಜಿಟಿ ಹತ್ತಿತಂದ್ರ
ಕೆಂಪು ಕಲ್ಲಿನ ಗ್ವಾಡಿ ಬೆವರತಾವ,
ಜಿರಳಿ ಸಂಸಾರ ಸಮೇತ ಮ್ಯಾಲ ಬರ್ತಾವ.

ನಾನು ಹೊಸ್ತಿಲಕ್ಕ ಮದ್ದಿನ ಖಡುಲೆ ಗೆರಿ ಎಳದೆ;
ಅವು ಜರೀನಾಬಿ ಮನಿಗಿ ಹೋದವು.
ಜರೀನಾಬಿ ಬೋರಿಕ್ ಪುಡಿಗಿ ಸಕ್ಕರಿ ಕಲಸಿ
ಒಲಿ ಹಿಂದ ಗುಳಿಗಿ ಇಟ್ಟಳು;
ಮರುದಿನ ಸುಂದರರಾಜ ಮಾಸ್ತರರ ಕಪಾಟಿನಾಗ
ಬೈಬಲ್ ಸಂದಿಂದ ಎರಡು ಮೀಸಿ.
ಮಾಸ್ತರರು ಪಂಪ್ ಹೊಡದ್ರು.
ಆ ವಾಸನಿಗಿ ನಾವೆಲ್ಲ ಕೆಮ್ಮಿದಿವಿ,
ಜಿರಳಿ ಮಾತ್ರ ಸಾವಕಾಶ
ಸುಮಿತ್ರಾಬಾಯಿಯ ರೊಟ್ಟಿ ಡಬ್ಬಿ ತನಕ ನಡದವು.

‘ನಿಮ್ಮವು.’
‘ಅಲ್ರೀ, ನಿಮ್ಮವೇ.’
ಯಾವ ಜಿರಳಿ ಬೆನ್ನ ಮ್ಯಾಲ ಯಾರ ಹೆಸರು ಬರದದ?

ಕಡೀಕ ಒಂದು ಐತಾರ,
ಮಾಸ್ತರರು ಚರ್ಚಿನಿಂದ ಬಂದ ಮ್ಯಾಲ,
ನಾಕು ಒಲಿ ಮ್ಯಾಲ ನಾಕು ಭಾಂಡೆ ನೀರು ಕುದ್ದವು.
ಮೋರಿ ಮ್ಯಾಲಿನ ಪರಸಿ ಎತ್ತಿದಿವಿ.
ಕತ್ತಲಿಗೇ ಕಾಲು ಬಂದಂಗ
ಒಳಗ ಎಲ್ಲಾ ಸರದಾಡ್ತು.

ನೀರು ಸುರುವಿ, ಹೊಗಿ ಇಳದ ಮ್ಯಾಲ
ಕಸದಾಗ ಏನೋ ಮಿಂಚ್ತು.
ಹೋದ ವರ್ಷ ಸುಮಿತ್ರಾಬಾಯಿ
‘ನೀನೇ ಒಯ್ದಿ’ ಅಂತ ಓಣಿಗೆಲ್ಲ ಸಾರಿದ್ದ ಚಮಚ.

ಯಾರೂ ಏನೂ ಅನಲಿಲ್ಲ.
ಜರೀನಾಬಿ ಸೆರಗು ಬಾಯಿಗಿಟ್ಟು ಆ ಕಡಿ ತಿರುಗಿದಳು.
ಸುಮಿತ್ರಾಬಾಯಿ ಅದನ್ನ ಬೂದಿ ಹಚ್ಚಿ
ಮೂರು ಸಲ ತಿಕ್ಕಿದಳು,
ಚಾ ಮಾಡಿದಳು,
ನನ್ನ ಕಪ್ಪಿನಾಗ ಅದರಲೇ ಸಕ್ಕರಿ ತಿರುವಿದಳು.

ನಾ ಕುಡದೆ.

ಗ್ವಾಡಿ ಮ್ಯಾಲ ಒಂದು ಮರಿ,
ಮೈ ಇನ್ನಾ ಹಸಿ, ಮೀಸಿ ಅಲ್ಲಾಡಿಸ್ಕೋತ
ನಾಕೂ ಬಾಗಿಲ ಕಡಿ ನೋಡಲಿಕತ್ತಿತ್ತು.