ಆರು ಪಾಯಿಂಟಿನ ಅಕ್ಷರ

ಅಶೋಕ ರಸ್ತೆಯ ಹಿಂದಣ ಓಣಿಯಲ್ಲಿ
ಪುಟ್ಟರಂಗ ಸೆಟ್ಟರ ಪ್ರೆಸ್ಸು.
ಮದುವೆ ಕಾಗದ, ವೈಕುಂಠ ಸಮಾರಾಧನೆ, ಬಸ್ಸಿನ ಟಿಕೇಟು,
ವರ್ಷಕ್ಕೊಮ್ಮೆ, ಆಷಾಢ ಮುಗಿಯುವ ಹೊತ್ತಿಗೆ,
ಗಿರಣಿಯ ವಾರ್ಷಿಕ ವರದಿ.
ಆ ನಾಲ್ಕು ರಾತ್ರಿ ಬಾಗಿಲಿಗೆ ಒಳಗಿಂದ ಚಿಲಕ.
ಕಂಪನಿಯ ಕಡೆಯವನೊಬ್ಬ ಸ್ಟೂಲಿನ ಮೇಲೆ ಕೂತು
ಕೆಟ್ಟ ಹಾಳೆಗಳನ್ನೂ ಎಣಿಸಿ, ಹಿತ್ತಲಲ್ಲಿ ಸುಟ್ಟು,
ಬೂದಿಯನ್ನು ಕಾಲಲ್ಲಿ ಕೆದಕಿ ನೋಡುತ್ತಾನೆ.
ನಾನು ಕರಡು ತಿದ್ದುವವನು.
ನನ್ನನ್ನು ಮಾತ್ರ ಸುಡುವ ಹಾಗಿಲ್ಲ.

ಅಧ್ಯಕ್ಷರ ಪತ್ರ ಹನ್ನೆರಡು ಪಾಯಿಂಟಿನಲ್ಲಿ,
ಎರಡು ಸಾಲಿನ ನಡುವೆ ಎಮ್ಮೆ ಹಾಯುವಷ್ಟು ಜಾಗ:
'ತಿಳಿಸಲು ಹರ್ಷವಾಗುತ್ತದೆ.'
ಹರ್ಷದ ಕಾಗುಣಿತ ಸರಿಯಿತ್ತು.
ನಲವತ್ತೊಂದನೆಯ ಪುಟದ ತಳದಲ್ಲಿ, ಟಿಪ್ಪಣಿ ಹದಿನೇಳು,
ಆರು ಪಾಯಿಂಟು, ಸಾಸಿವೆ ಚೆಲ್ಲಿದ ಹಾಗೆ:
ನಿರ್ದೇಶಕರ ಭಾವಮೈದನ ಸಂಸ್ಥೆಯ ಸಾಲಕ್ಕೆ
ಗಿರಣಿ ನಿಂತ ಜಾಮೀನು, ಮೂರು ಕೋಟಿ ನಲವತ್ತು ಲಕ್ಷ.
ಬ್ಯಾಂಕಿನಿಂದ ನೋಟೀಸು ಬಂದಿದೆ.
ಆಡಳಿತ ಮಂಡಳಿಯ ಅಭಿಪ್ರಾಯದಲ್ಲಿ ಚಿಂತೆಗೆ ಕಾರಣವಿಲ್ಲ.

ಒಂದೂ ತಪ್ಪಿರಲಿಲ್ಲ. ಅಲ್ಪವಿರಾಮ ಕೂಡ ಅದರದರ ಜಾಗದಲ್ಲಿ.
ಆದರೂ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆ:
'ಎರಡು ಪಾಯಿಂಟು ದೊಡ್ಡದಾಗಲಿ.'
ಸ್ಟೂಲಿನವನು ನೋಡಿ, ನಕ್ಕು, ಹೊಡೆದು ಹಾಕಿದ.
'ಹೇಳಿದ್ದೀವಲ್ಲ ಚೆಲುವಯ್ಯ, ಮುಚ್ಚಿಟ್ಟಿಲ್ವಲ್ಲ.'

ನಮ್ಮವ್ವ ದೇವರಾಜ ಮಾರುಕಟ್ಟೆಯಲ್ಲಿ ಚಿಗುರೆಲೆ ಮಾರುತ್ತಿದ್ದಳು.
ಆ ಸಾಲಿನಲ್ಲಿ ಎಲ್ಲರ ಕಟ್ಟಿನ ಮೇಲೂ
ಒಂದೇ ಹಸಿರು, ಒಂದೇ ನೀರಿನ ಹನಿ.
ಒಳಗೆ ಹುಳ ತಿಂದದ್ದು, ಹಣ್ಣಾದದ್ದು ಯಾರು ಬಲ್ಲರು?
ತನಗೆ ಗೊತ್ತಿಲ್ಲ ಎಂಬುದು ಮಾತ್ರ
ಕೊಳ್ಳುವವನಿಗೆ ಚೆನ್ನಾಗಿ ಗೊತ್ತಿತ್ತು.
ಒಳ್ಳೆಯ ಎಲೆಗೂ ಅವನು ಕೊಳೆತದರ ಬೆಲೆಯನ್ನೇ ಕೂಗಿದ.
ಎರಡು ವರ್ಷದಲ್ಲಿ ಒಳ್ಳೆಯ ಎಲೆಯವರು ಆ ಸಾಲು ಬಿಟ್ಟರು.
ಅವ್ವ ಬಿಡಲಿಲ್ಲ. ಬಾಳೆನಾರು ಬಿಚ್ಚಿ,
ನೂರೂ ಎಲೆಯನ್ನು ಇಸ್ಪೀಟಿನಂತೆ ಹರಡಿ,
ತೂತಿನ ಮೂರನ್ನು ತಾನೇ ಎತ್ತಿ ಮೇಲಿಡುತ್ತಿದ್ದಳು.
'ತೂತು ನೋಡಿದೋನು ಮಿಕ್ಕಿದ್ದ ನಂಬ್ತಾನೆ ಕಣ್ಲಾ.'
ಅವಳ ಕಟ್ಟಿಗೆ ನಾಲ್ಕಾಣೆ ಹೆಚ್ಚು.

ನಮ್ಮ ವಠಾರದ ದೇವಾಜಮ್ಮಣ್ಣಿ ಟೀಚರಿಗೆ
ಆ ಗಿರಣಿಯಲ್ಲಿ ಇನ್ನೂರು ಷೇರು.
ನಲ್ಲಿಯ ಹತ್ತಿರ ಕೇಳಿದರು:
'ಇನ್ನೊಂದೈವತ್ತು ತಗೊಳ್ಳೋಣ ಅಂತ, ಏನಂತೀರಿ?'
ನನ್ನ ಬಾಯಲ್ಲಿ ಟಿಪ್ಪಣಿ ಹದಿನೇಳು, ಬಿಸಿ ಗೆಣಸು.
ಉಗುಳಿದರೆ ಸೆಟ್ಟರಿಗೆ ಕೊಟ್ಟ ಮಾತು ಹೋಗುತ್ತದೆ.
ಉಗುಳಿದರೆ ಇವರು ಮಾರುವ ಇನ್ನೂರನ್ನು
ನಲ್ಲಿಯ ಬಳಿ ನನ್ನಂಥವನು ಸಿಗದ ಇನ್ನೊಬ್ಬ ಟೀಚರು,
ಹಾಸನದಲ್ಲೋ ಹುಣಸೂರಿನಲ್ಲೋ, ಕೊಳ್ಳುತ್ತಾರೆ.
'ನೀರು ನಿಂತು ಹೋಗ್ತದೆ, ಬಿಂದಿಗೆ ಇಡಿ' ಎಂದೆ.

ವರದಿ ಅಂಚೆಗೆ ಬಿದ್ದದ್ದು ಶುಕ್ರವಾರ.
ಬೆಲೆ ಬಿದ್ದದ್ದು ಅದರ ಹಿಂದಿನ ಮಂಗಳವಾರ.
ಅಂಚೆಯವನಿಗಿಂತ ಮೊದಲೇ ಬೆಲೆಗೆ ಓದಲು ಬರುತ್ತಿತ್ತು.
ಯಾರ ಕಣ್ಣಿಂದ? ನನ್ನದಲ್ಲ.
ಇದನ್ನು ಯಾರಿಗೆ ಹೇಳಲಿ, ಹೇಗೆ ನಂಬಿಸಲಿ?
ಸ್ಟೂಲಿನವನು ಹಿತ್ತಲಲ್ಲಿ ಬೂದಿ ಕೆದಕುತ್ತಿದ್ದಾಗ
ಇನ್ಯಾವ ಮನೆಯ ಬಾಗಿಲು ತೆರೆದಿತ್ತೋ.

ಲಕೋಟೆ ಬಂದ ಸಂಜೆ ಟೀಚರು ಕರೆದರು.
ಭೂತಗನ್ನಡಿ ಕೈಗಿತ್ತು ಪುಟ ತೋರಿಸಿದೆ.
ತುಟಿ ಅಲುಗಿಸುತ್ತಾ ಓದಿದರು, ಒಂದನೇ ಕ್ಲಾಸಿನ ಮಗುವಂತೆ,
'ಚಿಂತೆಗೆ ಕಾರಣವಿಲ್ಲ' ಎಂಬಲ್ಲಿ ಎರಡು ಸಲ.
ಆಮೇಲೆ ಕನ್ನಡಿ ಕೆಳಗಿಟ್ಟು,
'ನೇರ ನಲವತ್ತೊಂದನೇ ಪುಟಕ್ಕೇ ಹೋದಿರಲ್ಲ' ಎಂದರು.
ಅಷ್ಟೇ.
ಎಲೆಯಡಿಕೆ ತಟ್ಟೆ ಮುಂದೆ ಸರಿಸಿದರು.
ಒಂದೆಲೆ ತಗೊಂಡೆ. ಕೈ ತಾನಾಗಿ
ಅದನ್ನು ಮಗುಚಿ, ದೀಪಕ್ಕೆ ಹಿಡಿಯಿತು.